ಹೊಲದಿಂದ ಗ್ರಾಹಕರ ಕೈವರೆಗೆ ಬೆಳೆಯ ಜಾಡು: ಕ್ಯೂಆರ್ ಕೋಡ್ ವ್ಯವಸ್ಥೆ ಕಟ್ಟುವ ಸಮಗ್ರ ಮಾರ್ಗದರ್ಶಿ

ಪೊಟ್ಟಣದ ಮೇಲೆ ಕ್ಯೂಆರ್ ಕೋಡ್ ಇರುತ್ತದೆ. ಸ್ಕ್ಯಾನ್ ಮಾಡಿದರೆ ಹಸಿರು ಹೊಲದ ಚಿತ್ರವಿರುವ ಪುಟ ತೆರೆದುಕೊಳ್ಳುತ್ತದೆ. ಆದರೆ ಒಳಗಿರುವ ಟೊಮೆಟೊ ಯಾವ ತಾಕಿನದು, ಯಾವತ್ತು ಬಿಡಿಸಿದ್ದು, ಅದೇ ದಿನದ ಉಳಿದ ಕ್ರೇಟುಗಳು ಯಾರ ಬಳಿ ಹೋದವು ಎಂದು ಕೇಳಿ ನೋಡಿ, ಉತ್ತರ ಸಿಗುವುದಿಲ್ಲ. ಸಾವಿರ ಪೊಟ್ಟಣಗಳಿಗೂ ಒಂದೇ ಕೋಡ್ ಅಂಟಿಸಿರುತ್ತಾರೆ.

ಜಾಡು ವ್ಯವಸ್ಥೆ ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಕೊನೆಗೆ ಮಾಡಬೇಕಾದ ಕೆಲಸವನ್ನು ಮೊದಲು ಮಾಡುತ್ತಾರೆ. ಆ್ಯಪ್ ಕೊಳ್ಳುತ್ತಾರೆ, ಲೇಬಲ್ ಮುದ್ರಿಸುತ್ತಾರೆ, ಆಮೇಲೆ ಅದರೊಳಗೆ ಏನು ತುಂಬುವುದು ಎಂದು ಯೋಚಿಸಲು ಕೂರುತ್ತಾರೆ. ಕೋಡ್ ತಾನಾಗಿ ಏನನ್ನೂ ಪತ್ತೆ ಮಾಡುವುದಿಲ್ಲ. ಒಂದು ದಾಖಲೆಯತ್ತ ಬೆರಳು ತೋರಿಸುವುದಷ್ಟೇ ಅದರ ಕೆಲಸ. ಆ ದಾಖಲೆ ಇಲ್ಲದಿದ್ದರೆ ಬೆರಳು ಗಾಳಿಯನ್ನು ತೋರಿಸುತ್ತಿರುತ್ತದೆ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಹಂತ 3 ಮತ್ತು ಹಂತ 6 ಗಟ್ಟಿಯಾದರೆ ಉಳಿದದ್ದು ಸಲೀಸು. ಅವೆರಡು ಸಡಿಲವಾಗಿದ್ದರೆ ಎಷ್ಟು ದುಬಾರಿ ತಂತ್ರಾಂಶ ಹಾಕಿದರೂ ಕೈಗೆ ಏನೂ ಸಿಗುವುದಿಲ್ಲ.

## ಶುರು ಮಾಡುವ ಮೊದಲು: ಏನೇನು ಬೇಕು

ಕ್ಯಾಮೆರಾ ಚೆನ್ನಾಗಿರುವ ಎರಡು ಫೋನ್, ಒಂದು ತೂಕದ ಯಂತ್ರ, ಒಂದು ಲೇಬಲ್ ಪ್ರಿಂಟರ್, ಒಂದು ಸ್ಪ್ರೆಡ್‌ಶೀಟ್, ನಿಮ್ಮದೇ ಹೆಸರಿನಲ್ಲಿ ನೋಂದಾಯಿಸಿದ ಒಂದು ಡೊಮೇನ್, ಅಂದರೆ ಜಾಲತಾಣದ ವಿಳಾಸ. ಫೋನ್ ಕೈಕೊಡುವ ದಿನಕ್ಕೆಂದು ಗಟ್ಟಿ ರಟ್ಟಿನ ಒಂದು ನೋಟ್‌ಬುಕ್. ಮೊದಲ ಹಂಗಾಮಿಗೆ ಇಷ್ಟೇ ಸಾಕು. ದೊಡ್ಡ ತಂತ್ರಾಂಶವನ್ನು ಈಗಲೇ ಕೊಳ್ಳಬೇಡಿ. ಸ್ಪ್ರೆಡ್‌ಶೀಟಿನಲ್ಲಿ ಒಂದು ಹಂಗಾಮು ನಡೆಸಿದವರಿಗೆ ಮಾತ್ರ ತಮಗೆ ಯಾವ ತಂತ್ರಾಂಶ ಬೇಕೆಂದು ಗೊತ್ತಿರುತ್ತದೆ.

ಪ್ರಿಂಟರ್ ವಿಷಯದಲ್ಲಿ ಮಾತ್ರ ಮೊದಲೇ ಎಚ್ಚರ ವಹಿಸಿ. ಲೇಬಲ್ ಪ್ರಿಂಟರುಗಳಲ್ಲಿ ಎರಡು ಬಗೆ. ಒಂದರಲ್ಲಿ ಕಾಗದವೇ ಬಿಸಿಗೆ ಕಪ್ಪಾಗುತ್ತದೆ, ಇನ್ನೊಂದರಲ್ಲಿ ರಿಬ್ಬನ್ನಿನ ಮಸಿ ಕಾಗದಕ್ಕೆ ಅಂಟುತ್ತದೆ. ಮೊದಲನೆಯದು ಅಗ್ಗ, ಆದರೆ ಬಿಸಿಲು, ಶಾಖ, ಉಜ್ಜಾಟ ಅದಕ್ಕೆ ಆಗಿಬರುವುದಿಲ್ಲ. ನಾನು ಮೊದಲು ತಂದದ್ದು ಅದನ್ನೇ. ಮಧ್ಯಾಹ್ನದ ಬಿಸಿಲಲ್ಲಿ ನಿಂತ ಗಾಡಿಯಲ್ಲಿದ್ದ ಕ್ರೇಟುಗಳ ಲೇಬಲ್ ಸಂಜೆಯ ಹೊತ್ತಿಗೆ ಪೂರ್ತಿ ಬೂದುಬಣ್ಣಕ್ಕೆ ತಿರುಗಿ, ಕೋಡಿನ ಚೌಕ ಯಾವುದು, ಹಿನ್ನೆಲೆ ಯಾವುದು ಎಂದೇ ತಿಳಿಯದಂತಾಗಿತ್ತು. ಹೊಲ, ಶೆಡ್ಡು, ಶೀತಲ ಕೋಣೆ ಸುತ್ತಿ ಬರುವ ಲೇಬಲ್‌ಗೆ ರಿಬ್ಬನ್ ಇರುವ ಪ್ರಿಂಟರೇ ಆಗಬೇಕು.

## ಹಂತ 1: ಒಂದು ಕ್ರೇಟಿನ ಬೆನ್ನು ಹತ್ತಿ ನಡೆಯಿರಿ

ಸರಕು ಎಲ್ಲಿ ಹುಟ್ಟುತ್ತದೆ, ಎಲ್ಲಿ ರೂಪ ಬದಲಿಸುತ್ತದೆ, ಎಲ್ಲಿ ಕೈ ಬದಲಿಸುತ್ತದೆ ಎಂಬ ಪಟ್ಟಿ ಮೊದಲು ಬೇಕು. ಇದನ್ನು ಕುರ್ಚಿಯಲ್ಲಿ ಕೂತು ಬರೆಯಬೇಡಿ. ಒಂದು ದಿನ ಬಿಡುವು ಮಾಡಿಕೊಂಡು, ಗಿಡದಿಂದ ಬಿಡಿಸಿದ ಒಂದು ಕ್ರೇಟಿನ ಹಿಂದೆಯೇ ಕೊನೆಯವರೆಗೂ ಹೋಗಿ.

ಹೀಗೆ ನಡೆದವರಿಗೆ ಪಟ್ಟಿಯಲ್ಲಿ ಬರೆಯಲು ಹೊಳೆಯದ ಜಾಗಗಳು ಕಾಣಿಸುತ್ತವೆ. ಬದುವಿನ ಮೇಲೆ ನೆರಳಿರುವ ಕಡೆ ಅರ್ಧ ತುಂಬಿದ ಕ್ರೇಟುಗಳನ್ನು ಒಂದರೊಳಗೊಂದು ಸುರಿದು ಭರ್ತಿ ಮಾಡುವ ರೂಢಿ ಇರುತ್ತದೆ. ಎರಡು ತಾಕಿನ ಹಣ್ಣು ಬೆರೆಯುವುದು ಎಷ್ಟೋ ಸಲ ಶೆಡ್ಡಿನಲ್ಲಲ್ಲ, ಅಲ್ಲಿ. ಸಂಜೆ ಉಳಿದ ಹಣ್ಣು ಮರುದಿನದ ರಾಶಿಗೆ ಸೇರುವುದೂ ಹೀಗೆಯೇ ಕಣ್ಣಿಗೆ ಬೀಳುತ್ತದೆ.

ಇಂಥ ಪ್ರತಿ ಜಾಗಕ್ಕೂ ಐದು ಪ್ರಶ್ನೆಗಳು: ಏನು, ಎಷ್ಟು, ಎಲ್ಲಿ, ಯಾವಾಗ, ಯಾರಿಂದ ಯಾರಿಗೆ. ಬಾರ್‌ಕೋಡ್ ಸಂಖ್ಯೆಗಳನ್ನು ಹಂಚುವ ಜಾಗತಿಕ ಸಂಸ್ಥೆ ಜಿಎಸ್1 ಸರಕಿನ ಓಡಾಟದ ಮಾಹಿತಿ ಹಂಚಿಕೊಳ್ಳಲೆಂದು ರೂಪಿಸಿರುವ ಇಪಿಸಿಐಎಸ್ ಎಂಬ ಮಾನದಂಡವೂ ಹೆಚ್ಚುಕಡಿಮೆ ಇಂಥವೇ ಪ್ರಶ್ನೆಗಳ ಮೇಲೆ ನಿಂತಿದೆ. ಅದರ 2.0 ಆವೃತ್ತಿ 2022ರಲ್ಲಿ ಬಂತು. ಮುಂದೆ ನಿಮ್ಮ ದಾಖಲೆಯನ್ನು ದೊಡ್ಡ ಖರೀದಿದಾರರ ವ್ಯವಸ್ಥೆಗೆ ಜೋಡಿಸಬೇಕಾಗಿ ಬಂದರೆ ಈಗ ಬರೆದಿಟ್ಟ ಉತ್ತರಗಳೇ ಉಪಯೋಗಕ್ಕೆ ಬರುತ್ತವೆ.

ಇಡೀ ಸರಪಳಿ ನಿಮಗೆ ಗೊತ್ತಿರಬೇಕು ಎಂದುಕೊಂಡು ಹೆದರಬೇಡಿ. ಐರೋಪ್ಯ ಒಕ್ಕೂಟದ 178/2002 ಆಹಾರ ಕಾನೂನಿನ 18ನೇ ವಿಧಿ ಕೂಡ ಕೇಳುವುದು ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ. ಯಾರಿಂದ ಬಂತು, ಯಾರಿಗೆ ಕೊಟ್ಟಿರಿ ಎಂಬುದು ಪಕ್ಕಾ ಇದ್ದರೆ ಸರಪಳಿಯಲ್ಲಿ ನಿಮ್ಮ ಕೊಂಡಿ ಭದ್ರ.

## ಹಂತ 2: ತಾಕುಗಳಿಗೆ ಸಂಖ್ಯೆ ಕೊಡಿ

ಒಂದೇ ತಳಿ, ಒಂದೇ ದಿನದ ನಾಟಿ, ಒಂದೇ ಬಗೆಯ ಗೊಬ್ಬರ ಮತ್ತು ಸಿಂಪಡಣೆ ಕಂಡ ನೆಲವನ್ನು ಒಂದು ತಾಕು ಎಂದು ಎಣಿಸಿ. ಸಿಂಪಡಣೆ ಬೇರೆಯಾದ ಕೂಡಲೇ ತಾಕೂ ಬೇರೆ. ಜಿಪಿಎಸ್‌ನಲ್ಲಿ ಮಧ್ಯದ ಒಂದು ಬಿಂದು ಗುರುತಿಸಿ ಬಿಡಬೇಡಿ. ನಾಲ್ಕೂ ಮೂಲೆಗಳಿಗೆ ನಡೆದು ಗಡಿಯನ್ನು ದಾಖಲಿಸಿ.

ಪ್ರತಿ ತಾಕಿಗೂ ಎರಡಂಕಿಯ ಸಂಖ್ಯೆ ಕೊಟ್ಟು, ಬಿಡಿಸುವವರಿಗೆ ಕಾಣುವ ಹಾಗೆ ಫಲಕ ನೆಡಿ. ಸಂಖ್ಯೆ ಕಾಗದದಲ್ಲಿ ಮಾತ್ರ ಇದ್ದರೆ ಬಿಡಿಸುವವರು "ಆ ಬಾವಿ ಪಕ್ಕದ್ದು" ಎಂದೇ ಹೇಳುತ್ತಾರೆ, ಬರೆದುಕೊಳ್ಳುವವರು ತಮಗೆ ತೋಚಿದ್ದನ್ನು ಬರೆಯುತ್ತಾರೆ. ಒಮ್ಮೆ ಕೊಟ್ಟ ಸಂಖ್ಯೆಯನ್ನು ಮತ್ತೆ ಬಳಸುವಂತಿಲ್ಲ. 07ನೇ ತಾಕನ್ನು ಮುಂದಿನ ವರ್ಷ ಎರಡಾಗಿ ಒಡೆದರೆ ಅವು 21 ಮತ್ತು 22 ಆಗಲಿ, 07 ನಿವೃತ್ತಿಯಾಗಲಿ.

ಸಿಂಪಡಣೆಯ ದಾಖಲೆಯನ್ನು ಇದೇ ಸಂಖ್ಯೆಗೆ ಕಟ್ಟಿ. ಕೀಟನಾಶಕದ ಡಬ್ಬಿಯ ಮೇಲೆ ಅಥವಾ ಅದರ ಜೊತೆಗಿರುವ ಕರಪತ್ರದಲ್ಲಿ ಸಿಂಪಡಿಸಿದ ಎಷ್ಟು ದಿನದ ನಂತರ ಕೊಯ್ಯಬಹುದು ಎಂದು ಬರೆದಿರುತ್ತದೆ. ಕೊನೆಯ ಸಿಂಪಡಣೆಯ ದಿನಕ್ಕೆ ಅದನ್ನು ಕೂಡಿಸಿದ ದಿನಾಂಕ ಸ್ಪ್ರೆಡ್‌ಶೀಟಿನಲ್ಲಿ ತಾಕಿನ ಎದುರು ಇರಬೇಕು. ಆ ದಿನಕ್ಕೂ ಮೊದಲು ಆ ತಾಕಿನ ಕೊಯ್ಲನ್ನು ನಮೂದಿಸಲು ಹೋದರೆ ಕೋಶ ಕೆಂಪಾಗುವಂತೆ ಮಾಡಿ. ಈ ಇಡೀ ವ್ಯವಸ್ಥೆಯಲ್ಲಿ ತಿನ್ನುವವರ ಆರೋಗ್ಯಕ್ಕೆ ನೇರವಾಗಿ ಒದಗುವ ತುಣುಕು ಇದು. ಪತ್ತೆ ಮಾಡುವುದಕ್ಕಿಂತ ಮೊದಲೇ ತಡೆಯುತ್ತದೆ.

## ಹಂತ 3: ಲಾಟ್ ಎಂದರೆ ಏನೆಂದು ತೀರ್ಮಾನಿಸಿ

ಇಲ್ಲಿ ಆತುರ ಬೇಡ. ನೀವು ಹಿಂದಕ್ಕೆ ಹೋಗಿ ಹುಡುಕಬಲ್ಲ ಅತಿ ಸಣ್ಣ ಗುಂಪೇ ಲಾಟ್. ತೊಂದರೆ ಬಂದ ದಿನ ಎಷ್ಟು ಸರಕು ವಾಪಸ್ ತರಿಸಬೇಕಾಗುತ್ತದೆ ಎಂಬುದನ್ನು ನಿರ್ಧರಿಸುವುದೂ ಅದೇ.

ಒಂದು ದಿನ ಆರು ತಾಕುಗಳಿಂದ ತಲಾ 40ರಂತೆ 240 ಕ್ರೇಟು ಬಂದಿವೆ ಎಂದುಕೊಳ್ಳಿ. ದಿನಕ್ಕೊಂದು ಲಾಟ್ ಮಾಡಿದ್ದರೆ, ಒಂದು ತಾಕಿನಲ್ಲಿ ತಪ್ಪಾದರೂ 240 ಕ್ರೇಟೂ ಹಿಂದಕ್ಕೆ ಬರಬೇಕು. ತಾಕು ಮತ್ತು ದಿನ ಸೇರಿಸಿ ಲಾಟ್ ಮಾಡಿದ್ದರೆ 40 ಸಾಕು. ಕ್ರೇಟಿಗೊಂದು ಲಾಟ್ ಮಾಡಿದರೆ ಇನ್ನೂ ನಿಖರ. ಆದರೆ ವಿಂಗಡಣೆಯ ಬೆಲ್ಟಿನ ಮೇಲೆ ಕ್ರೇಟುಗಳನ್ನು ಒಟ್ಟಿಗೆ ಸುರಿಯುತ್ತೀರಾದರೆ ಆ ನಿಖರತೆ ಕಾಗದದ ಮೇಲೆ ಮಾತ್ರ ಇರುತ್ತದೆ. ಲಾಟ್ ಇರಬೇಕಾದದ್ದು ನಿಮ್ಮ ಶೆಡ್ಡಿನಲ್ಲಿ ನಿಜವಾಗಿ ಬೇರೆ ಬೇರೆಯಾಗಿ ಇಡಲು ಸಾಧ್ಯವಾಗುವಷ್ಟು ಸಣ್ಣದು, ಅದಕ್ಕಿಂತ ಸಣ್ಣದಲ್ಲ.

ಹೆಚ್ಚಿನವರಿಗೆ ಸರಿಹೊಂದುವುದು: ಒಂದು ತಾಕು, ಒಂದು ದಿನ, ಒಂದು ಸುತ್ತಿನ ಕೊಯ್ಲು. ಬೆಳಿಗ್ಗೆಯ ಮತ್ತು ಸಂಜೆಯ ಕೊಯ್ಲನ್ನು ಬೇರೆ ಮಾಡಿ, ಏಕೆಂದರೆ ತೊಳೆಯುವ ನೀರು, ಕೆಲಸದವರು, ಗಾಡಿ ಎಲ್ಲ ಬದಲಾಗಿರಬಹುದು.

ಬಹಳ ಜನ ಮಾಡುವ ತಪ್ಪೆಂದರೆ ಪ್ಯಾಕಿಂಗ್ ದಿನಾಂಕವನ್ನೇ ಲಾಟ್ ಎಂದು ಕರೆಯುವುದು. ಮೂರು ದಿನದ ಕೊಯ್ಲು ಒಂದೇ ದಿನ ಪ್ಯಾಕ್ ಆಗಿರುತ್ತದೆ. ಅಲ್ಲಿಗೆ ಜಾಡು ಶೆಡ್ಡಿನ ಬಾಗಿಲಲ್ಲೇ ಮುಗಿಯಿತು, ಹೊಲ ಮುಟ್ಟಲೇ ಇಲ್ಲ.

## ಹಂತ 4: ಲಾಟ್ ಸಂಖ್ಯೆ ಬರೆಯುವ ಕ್ರಮ

ಅಂಕಿಗಳಷ್ಟನ್ನೇ ಬಳಸಿ. ಯಾವ ಭಾಷೆಯವರೂ ಓದಬಹುದು, ಯಾವ ಫೋನಿನಲ್ಲೂ ಟೈಪ್ ಮಾಡಬಹುದು. ಜಿಎಸ್1 ಕ್ರಮದಲ್ಲಿ ಲಾಟ್ ಸಂಖ್ಯೆಗೆ 20 ಅಕ್ಷರಗಳವರೆಗೆ ಜಾಗವಿದೆ, ನಿಮಗೆ ಹತ್ತೇ ಸಾಕು.

07ನೇ ತಾಕು, 2026ರ ಮಾರ್ಚ್ 14, ಎರಡನೇ ಸುತ್ತು ಎಂದಿಟ್ಟುಕೊಳ್ಳಿ. ತಾಕು 07, ದಿನಾಂಕ 260314, ಸುತ್ತು 2. ಸೇರಿಸಿದರೆ 072603142. ದಿನಾಂಕದಲ್ಲಿ ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ. 03/04 ಎಂದು ಬರೆದರೆ ಒಬ್ಬರು ಏಪ್ರಿಲ್ ಎನ್ನುತ್ತಾರೆ, ಇನ್ನೊಬ್ಬರು ಮಾರ್ಚ್ ಎನ್ನುತ್ತಾರೆ. ವರ್ಷ ಮೊದಲಿದ್ದರೆ ಆ ಗೊಂದಲವಿಲ್ಲ, ಒಂದೊಂದು ತಾಕಿನ ಪಟ್ಟಿಯೂ ತಾನೇ ದಿನಾಂಕದ ಕ್ರಮದಲ್ಲಿ ಕೂರುತ್ತದೆ.

ಇದಕ್ಕೆ ಕೊನೆಯಲ್ಲಿ ಒಂದು ತಾಳೆ ಅಂಕಿ ಸೇರಿಸಿ. ಬಾರ್‌ಕೋಡ್ ಸಂಖ್ಯೆಗಳಲ್ಲಿ ಬಳಸುವ ಲೆಕ್ಕವೇ ಇದು. ಬಲದಿಂದ ಎಡಕ್ಕೆ ಬರುತ್ತಾ ಅಂಕಿಗಳನ್ನು 3, 1, 3, 1 ಎಂದು ಗುಣಿಸಿ ಕೂಡಿಸಿ. 072603142ಕ್ಕೆ ಹೀಗೆ ಬರುತ್ತದೆ: 6, 4, 3, 3, 0, 6, 6, 7, 0. ಮೊತ್ತ 35. ಮುಂದಿನ ಹತ್ತರ ಮಡಿ 40ಕ್ಕೆ ಬೇಕಾದದ್ದು 5. ಪೂರ್ತಿ ಲಾಟ್ ಸಂಖ್ಯೆ 0726031425.

ಈ ಕಷ್ಟ ಯಾಕೆ ಎಂದರೆ, ಕೈಬರಹದಲ್ಲಿ 7 ಮತ್ತು 1 ಅವಳಿಗಳ ಹಾಗೆ ಕಾಣುತ್ತವೆ. ಯಾರೋ 07ನ್ನು 01 ಎಂದು ಓದಿಕೊಂಡು ನಮೂದಿಸಿದರೆ ಮೊತ್ತ 29 ಆಗುತ್ತದೆ, ತಾಳೆ ಅಂಕಿ 1 ಇರಬೇಕಾಗುತ್ತದೆ, ಆದರೆ ಚೀಟಿಯಲ್ಲಿ 5 ಇದೆ. ಸ್ಪ್ರೆಡ್‌ಶೀಟ್ ಆ ಕ್ಷಣವೇ ತಡೆಯುತ್ತದೆ. ತಪ್ಪಾದದ್ದು ಒಂದೇ ಅಂಕಿಯಾಗಿದ್ದರೆ ಈ ಲೆಕ್ಕ ಯಾವಾಗಲೂ ಹಿಡಿಯುತ್ತದೆ. ಅಕ್ಕಪಕ್ಕದ ಅಂಕಿಗಳು ಅದಲುಬದಲಾದರೂ ಹೆಚ್ಚಿನ ಸಲ ಹಿಡಿಯುತ್ತದೆ. ಎರಡರ ನಡುವಿನ ವ್ಯತ್ಯಾಸ ಸರಿಯಾಗಿ 5 ಇದ್ದಾಗ ಮಾತ್ರ, ಅಂದರೆ 1 ಮತ್ತು 6, 2 ಮತ್ತು 7ರಂಥ ಜೋಡಿಗಳಲ್ಲಿ, ತಪ್ಪಿಸಿಕೊಳ್ಳುತ್ತದೆ.

## ಹಂತ 5: ಹೊಲದಲ್ಲೇ, ಆಗಲೇ ದಾಖಲಿಸಿ

ಮೊದಲ ಕ್ರೇಟು ತುಂಬುವ ಮೊದಲೇ ಲಾಟ್ ಸಂಖ್ಯೆ ತಯಾರಿರಬೇಕು. ಹಿಂದಿನ ರಾತ್ರಿಯೇ ಆಯಾ ತಾಕಿನ ಚೀಟಿಗಳನ್ನು ಮುದ್ರಿಸಿ, ಬಿಡಿಸುವ ತಂಡದ ಕೈಗೆ ಕೊಡಿ. ಖಾಲಿ ಕ್ರೇಟಿಗೆ ಚೀಟಿ ಮೊದಲು, ಹಣ್ಣು ಆಮೇಲೆ. ಈ ಕ್ರಮ ತಿರುವುಮುರುವಾದರೆ ಗಾಡಿಗೆ ಏರಿಸುವ ಗಡಿಬಿಡಿಯಲ್ಲಿ ಯಾವ ಕ್ರೇಟಿಗೆ ಯಾವ ಚೀಟಿ ಎಂಬುದು ಊಹೆಯಾಗಿಬಿಡುತ್ತದೆ.

ಹೊಲದಲ್ಲಿ ನೆಟ್‌ವರ್ಕ್ ಇಲ್ಲದಿರುವುದು ಸಾಮಾನ್ಯ. ನೀವು ಬಳಸುವ ಆ್ಯಪ್ ನಮೂದನ್ನು ಫೋನಿನಲ್ಲೇ ಇಟ್ಟುಕೊಂಡು ಆಮೇಲೆ ಕಳಿಸುತ್ತದೆಯೇ, ಕಳಿಸುವಾಗ ನಮೂದಿಸಿದ ಸಮಯವನ್ನು ಉಳಿಸಿಕೊಳ್ಳುತ್ತದೆಯೇ ಎಂದು ಪರೀಕ್ಷಿಸಿ. ಕೆಲವು ಆ್ಯಪ್‌ಗಳು ಕಳಿಸಿದ ಸಮಯವನ್ನೇ ಕೊಯ್ಲಿನ ಸಮಯ ಎಂದು ಬರೆದುಕೊಳ್ಳುತ್ತವೆ.

ಅಪಾಯದ ಸೂಚನೆ: ಇಡೀ ದಿನದ ನಮೂದುಗಳೆಲ್ಲ ರಾತ್ರಿ ಎಂಟೂವರೆಯಿಂದ ಒಂಬತ್ತರ ನಡುವೆ ಬಂದಿದ್ದರೆ, ಅವನ್ನು ಯಾರೋ ನೆನಪಿನಿಂದ ತುಂಬಿದ್ದಾರೆ. ತೂಕಗಳೆಲ್ಲ 20, 20, 20 ಎಂದು ದುಂಡಾಗಿದ್ದರೂ ಅಷ್ಟೇ, ಯಾರೂ ತೂಗಿಲ್ಲ. ಬೈದರೆ ಇನ್ನಷ್ಟು ನಾಜೂಕಾಗಿ ತುಂಬುವುದನ್ನು ಕಲಿಯುತ್ತಾರೆ. ಹೊಲದಲ್ಲೇ ತುಂಬಲು ಏನು ಅಡ್ಡಿ ಎಂದು ಕೇಳಿ. ಒದ್ದೆ ಕೈಗೆ ಫೋನಿನ ಪರದೆ ಸ್ಪಂದಿಸದಿರುವುದೋ, ಒಂದು ನಮೂದಿಗೆ ಹನ್ನೆರಡು ಖಾನೆ ಇರುವುದೋ ಕಾರಣವಾಗಿರುತ್ತದೆ. ಹೊಲದ ನಮೂದಿಗೆ ಮೂರು ಖಾನೆ ಸಾಕು: ಲಾಟ್, ಕ್ರೇಟುಗಳ ಎಣಿಕೆ, ತಂಡ. ಉಳಿದದ್ದನ್ನು ಶೆಡ್ಡಿನಲ್ಲಿ ತೂಗುವಾಗ ಸೇರಿಸಬಹುದು.

## ಹಂತ 6: ಶೆಡ್ಡಿನಲ್ಲಿ ಬೆರೆಯುವ ಘಳಿಗೆ

ವಿಂಗಡಣೆ ಎಂದರೆ ಒಂದು ಲಾಟ್ ಒಳಗೆ ಹೋಗಿ ಹಲವು ದರ್ಜೆಗಳಾಗಿ ಹೊರಬರುವುದು. ಕೆಲವೊಮ್ಮೆ ಹಲವು ಲಾಟ್ ಒಳಗೆ ಹೋಗಿ ಒಂದಾಗಿ ಹೊರಬರುವುದು. ಜಾಡು ತುಂಡಾಗುವುದು ಬಹುತೇಕ ಇಲ್ಲೇ, ಅದೂ ಯಾರ ದುರುದ್ದೇಶವೂ ಇಲ್ಲದೆ.

ಮೊದಲ ಆಯ್ಕೆ, ಬೆರೆಸದಿರುವುದು. ಒಂದು ಲಾಟ್ ಪೂರ್ತಿ ಮುಗಿಸಿ, ಬೆಲ್ಟ್ ಖಾಲಿ ಮಾಡಿ, ಮೇಜಿನ ಮೂಲೆಯಲ್ಲಿ ಉಳಿದ ಹಣ್ಣನ್ನೂ ತೆಗೆದ ಮೇಲೆ ಮುಂದಿನದನ್ನು ಸುರಿಯಿರಿ. ಎರಡು ಲಾಟ್‌ಗಳ ನಡುವೆ ಬಣ್ಣದ ಒಂದು ಖಾಲಿ ಕ್ರೇಟನ್ನು ಸಾಲಿನಲ್ಲಿ ಇಡುವುದು ಸುಲಭದ ಉಪಾಯ. ಬಣ್ಣದ ಕ್ರೇಟು ಕಂಡರೆ ಪ್ಯಾಕ್ ಮಾಡುವವರು ಲೇಬಲ್ ಸುರುಳಿ ಬದಲಿಸಬೇಕೆಂದು ತಿಳಿಯುತ್ತಾರೆ.

ಬೆರೆಸದೆ ಗತಿಯಿಲ್ಲ ಎಂದಾದರೆ ಬೆರೆಸಿದ್ದನ್ನು ಒಪ್ಪಿಕೊಂಡು ಹೊಸ ಲಾಟ್ ಸಂಖ್ಯೆ ಕೊಡಿ. ತಾಕಿನ ಜಾಗದಲ್ಲಿ 90ರಿಂದ 99ರವರೆಗಿನ ಸಂಖ್ಯೆಗಳನ್ನು ಇಂಥ ಬೆರಕೆಗೆಂದೇ ಮೀಸಲಿಡಬಹುದು. ಹೊಸ ಲಾಟಿನ ಎದುರು ಒಳಗೆ ಹೋದ ಪ್ರತಿ ಹಳೆ ಲಾಟ್, ಅದರ ತೂಕ ಬರೆಯಿರಿ. ಮೂರು ಲಾಟ್ ಸೇರಿದರೆ ಮೂರು ಸಾಲು. ಪ್ರಮುಖವಾದ ಲಾಟನ್ನು ಮಾತ್ರ ಬರೆದು ಉಳಿದ ಚೂರುಪಾರನ್ನು ಬಿಡುವುದು ತೀರಾ ಸಾಮಾನ್ಯವಾದ ತಪ್ಪು. ತೊಂದರೆ ಬರುವುದು ಯಾವ ಲಾಟಿನಿಂದ ಎಂದು ಮೊದಲೇ ಗೊತ್ತಿರುವುದಿಲ್ಲವಲ್ಲ.

ದಿನದ ಕೊನೆಗೆ ತೂಕದ ತಾಳೆ ನೋಡಿ. 1000 ಕಿಲೋ ಒಳಗೆ ಹೋಗಿದ್ದರೆ, ಉದಾಹರಣೆಗೆ, 880 ಕಿಲೋ ಪ್ಯಾಕ್ ಆಗಿ, 95 ಕಿಲೋ ತಿರಸ್ಕೃತವಾಗಿ, 25 ಕಿಲೋ ತೊಟ್ಟು, ಮಣ್ಣು, ಕೊಳೆತದ್ದು ಎಂದು ಲೆಕ್ಕ ಸಿಗಬೇಕು. ಒಳಗೆ ಹೋದದ್ದಕ್ಕಿಂತ ಹೊರಬಂದದ್ದು ಹೆಚ್ಚಾಗಿದ್ದರೆ ಬೇರೆಡೆಯ ಸರಕು ನಿಮ್ಮ ಲೇಬಲ್ ಹೊತ್ತಿರುವ ಸಾಧ್ಯತೆ ಇದೆ. ಕಾರಣ ಸಿಗುವವರೆಗೆ ಆ ಲಾಟನ್ನು ಕಳಿಸಬೇಡಿ. ತಿರಸ್ಕೃತ ಸರಕಿನ ತೂಕ ಬರೆಯುವ ಅಭ್ಯಾಸ ಇಲ್ಲದಿದ್ದರೆ ಈ ತಾಳೆ ಸಾಧ್ಯವೇ ಇಲ್ಲ, ಹಾಗಾಗಿ ಮೊದಲ ದಿನದಿಂದಲೇ ಅದನ್ನೂ ತೂಗಿ.

## ಹಂತ 7: ಕೋಡ್ ಒಳಗೆ ಏನು ತುಂಬಬೇಕು

ಕೋಡಿಗೆ ಬೇಕಾದ ದಾಖಲೆ ಈಗ ಸಿದ್ಧವಾಗಿದೆ. ಬೆಳೆಗಾರರ ಹೆಸರು, ವಿಳಾಸ, ತಳಿ, ಗೊಬ್ಬರದ ವಿವರ ಎಲ್ಲವನ್ನೂ ಕೋಡಿನೊಳಗೇ ಬರೆಯಲು ಹೋಗಬೇಡಿ. ಒಳಗೆ ಇರಬೇಕಾದದ್ದು ಒಂದು ಲಿಂಕ್ ಮಾತ್ರ, ಆ ಲಿಂಕಿನಲ್ಲಿ ಉತ್ಪನ್ನದ ಸಂಖ್ಯೆ ಮತ್ತು ಲಾಟ್ ಸಂಖ್ಯೆ.

ಜಿಎಸ್1 ಡಿಜಿಟಲ್ ಲಿಂಕ್ ಎಂಬ ಕ್ರಮ ಇದಕ್ಕೆ ಚೆನ್ನಾಗಿ ಒದಗುತ್ತದೆ. ನಿಮ್ಮ ಡೊಮೇನ್ ಹೆಸರು, ಓರೆಗೆರೆ, 01, ಓರೆಗೆರೆ, 14 ಅಂಕಿಯ ಉತ್ಪನ್ನ ಸಂಖ್ಯೆ, ಓರೆಗೆರೆ, 10, ಓರೆಗೆರೆ, ಲಾಟ್ ಸಂಖ್ಯೆ. ಇಲ್ಲಿ 01 ಎಂದರೆ ಮುಂದೆ ಬರುವುದು ಉತ್ಪನ್ನ, 10 ಎಂದರೆ ಲಾಟ್. ಗ್ರಾಹಕರ ಫೋನ್ ಇದನ್ನು ಸಾಧಾರಣ ವೆಬ್ ವಿಳಾಸವಾಗಿ ತೆರೆಯುತ್ತದೆ. ಅದಕ್ಕೆ ಸಿದ್ಧವಾಗಿರುವ ಬಿಲ್ಲಿಂಗ್ ಯಂತ್ರ ಅದೇ ಕೋಡಿನಿಂದ ಸಂಖ್ಯೆಗಳನ್ನು ಎತ್ತಿಕೊಳ್ಳುತ್ತದೆ. 2027ರ ಕೊನೆಯ ಹೊತ್ತಿಗೆ ಅಂಗಡಿಗಳ ಸ್ಕ್ಯಾನರುಗಳು ಇಂಥ ಚೌಕ ಕೋಡುಗಳನ್ನೂ ಓದುವಂತಾಗಬೇಕು ಎಂಬ ಗುರಿ ಜಿಎಸ್1ದು. ದೊಡ್ಡ ಮಳಿಗೆಗಳಿಗೆ ಮಾರುವವರು ಜಿಎಸ್1 ಸದಸ್ಯತ್ವ ಪಡೆದು ಅಧಿಕೃತ ಉತ್ಪನ್ನ ಸಂಖ್ಯೆ ತೆಗೆದುಕೊಳ್ಳಬೇಕು. ನೇರವಾಗಿ ಗ್ರಾಹಕರಿಗೆ ಮಾರುವವರಿಗೆ ತಮ್ಮದೇ ಸಂಖ್ಯೆ ಸಾಕು. ಆದರೆ ಅದನ್ನು 01 ಎಂಬ ಗುರುತಿನ ಮುಂದೆ ಹಾಕಬೇಡಿ, ಆ ಜಾಗ ಅಧಿಕೃತ ಸಂಖ್ಯೆಗೆ ಮೀಸಲು.

ಉಚಿತವಾಗಿ ಕ್ಯೂಆರ್ ಮಾಡಿಕೊಡುವ ತಾಣಗಳಲ್ಲಿ ಹಲವು ನಿಮ್ಮ ಲಿಂಕನ್ನು ತಮ್ಮ ಲಿಂಕಿನೊಳಗೆ ಸುತ್ತಿ ಕೊಡುತ್ತವೆ. ಅವಧಿ ಮುಗಿದ ದಿನ ನೀವು ಮುದ್ರಿಸಿದ ಅಷ್ಟೂ ಲೇಬಲ್ ಸತ್ತಂತೆ. ಮುದ್ರಿಸುವ ಮೊದಲು ಸ್ಕ್ಯಾನ್ ಮಾಡಿ, ಫೋನ್ ತೋರಿಸುವ ವಿಳಾಸ ನಿಮ್ಮದೇ ಡೊಮೇನಿನದೇ ಎಂದು ನೋಡಿ.

## ಹಂತ 8: ಮುದ್ರಿಸುವುದು, ಅಂಟಿಸುವುದು

ಕ್ಯೂಆರ್ ಕೋಡಿನಲ್ಲಿ ಹಾಳಾದ ಭಾಗವನ್ನು ತುಂಬಿಕೊಳ್ಳುವ ನಾಲ್ಕು ಮಟ್ಟಗಳಿವೆ: ಎಲ್, ಎಂ, ಕ್ಯೂ, ಎಚ್. ಸರಿಸುಮಾರು 7, 15, 25, 30 ಶೇಕಡಾ ಹಾಳಾದರೂ ಓದಿಸಿಕೊಳ್ಳುತ್ತವೆ. ಕೊಳೆ ಆಗುವ ಜಾಗ, ಹಾಗಾಗಿ ಅತಿ ಹೆಚ್ಚಿನದೇ ಇರಲಿ ಎಂದು ಎಲ್ಲರಿಗೂ ಅನ್ನಿಸುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. 60 ಅಕ್ಷರದ ಲಿಂಕ್ ಎಂ ಮಟ್ಟದಲ್ಲಿ ಅಡ್ಡ 33, ಉದ್ದ 33 ಚುಕ್ಕಿಚೌಕಗಳಲ್ಲಿ ಹಿಡಿಸುತ್ತದೆ. ಎಚ್ ಮಟ್ಟಕ್ಕೆ 45 ಬೇಕು. ಸುತ್ತಲೂ ಕಡ್ಡಾಯವಾದ ನಾಲ್ಕು ಚೌಕದಷ್ಟು ಖಾಲಿ ಅಂಚು ಸೇರಿಸಿ 20 ಮಿಲಿಮೀಟರಿನ ಲೇಬಲ್‌ನಲ್ಲಿ ಕೂರಿಸಿದರೆ, ಎಂ ಮಟ್ಟದ ಒಂದು ಚೌಕ ಸುಮಾರು ಅರ್ಧ ಮಿಲಿಮೀಟರ್, ಎಚ್ ಮಟ್ಟದ್ದು 0.38 ಮಿಲಿಮೀಟರ್. ಸಣ್ಣಗಾದ ಚೌಕಗಳು ತೇವಕ್ಕೆ, ಮಸಿ ಹರಡುವುದಕ್ಕೆ ಬೇಗ ಬಲಿಯಾಗುತ್ತವೆ. ನನ್ನ ಸಲಹೆ ಎಂ ಅಥವಾ ಕ್ಯೂ, ಜೊತೆಗೆ ಲಿಂಕನ್ನು ಆದಷ್ಟು ಗಿಡ್ಡ ಮಾಡುವುದು.

ಸಾಮಾನ್ಯ 203 ಡಿಪಿಐ, ಅಂದರೆ ಅಂಗುಲಕ್ಕೆ 203 ಚುಕ್ಕೆಯ, ಪ್ರಿಂಟರ್ ಒಂದು ಮಿಲಿಮೀಟರಿಗೆ 8 ಚುಕ್ಕೆ ಹಾಕುತ್ತದೆ. ಪ್ರತಿ ಚೌಕಕ್ಕೆ ಸರಿಯಾಗಿ 4 ಚುಕ್ಕೆ ಬರುವಂತೆ ಕೋಡಿನ ಗಾತ್ರ ಇಡಿ. ಮೂರೂವರೆ ಚುಕ್ಕೆ ಬರುವಂತೆ ಹಿಗ್ಗಿಸಿದರೆ ಕೆಲವು ಚೌಕ ದಪ್ಪ, ಕೆಲವು ಸಪೂರ ಆಗುತ್ತವೆ. ಕಣ್ಣಿಗೆ ಕಾಣುವುದಿಲ್ಲ, ಹಳೆಯ ಫೋನಿಗೆ ಓದಲು ಬರುವುದಿಲ್ಲ. ಎಷ್ಟು ದೂರದಿಂದ ಸ್ಕ್ಯಾನ್ ಮಾಡಬೇಕೋ ಅದರ ಹತ್ತನೇ ಒಂದು ಭಾಗದಷ್ಟು ಅಗಲ ಇರಲಿ ಎಂಬುದು ರೂಢಿಯ ಅಳತೆ. ಅಂದರೆ ಗೋದಾಮಿನಲ್ಲಿ ಒಂದು ಮೀಟರ್ ದೂರದಿಂದ ಓದಬೇಕಾದ ಕೋಡ್ 10 ಸೆಂಟಿಮೀಟರ್ ಇರಬೇಕು.

ಕೋಡಿನ ಕೆಳಗೆ ಲಾಟ್ ಸಂಖ್ಯೆಯನ್ನು ಕಣ್ಣಿಗೆ ಓದಲಾಗುವಂತೆ ದಪ್ಪಕ್ಷರದಲ್ಲಿ ಮುದ್ರಿಸಿ. ಕೋಡ್ ಹರಿದರೂ ಸಂಖ್ಯೆ ಉಳಿಯುತ್ತದೆ. ಪಕ್ಕದಲ್ಲಿ ನಿಮ್ಮ ಡೊಮೇನ್ ಹೆಸರೂ ಇರಲಿ. ಯಾರಾದರೂ ನಿಮ್ಮ ಕೋಡಿನ ಮೇಲೆ ಬೇರೆ ಸ್ಟಿಕರ್ ಅಂಟಿಸಿದ್ದರೆ, ತೆರೆದ ವಿಳಾಸ ಬೇರೆಯಾಗಿರುವುದು ಗ್ರಾಹಕರಿಗೆ ತಿಳಿಯುತ್ತದೆ.

ಶೀತಲ ಕೋಣೆಯಿಂದ ಹೊರಗೆ ತಂದ ಕ್ರೇಟಿನ ಮೇಲೆ ನೀರ ಹನಿ ಕೂರುತ್ತದೆ, ಅದರ ಮೇಲೆ ಸಾಮಾನ್ಯ ಅಂಟು ನಿಲ್ಲುವುದಿಲ್ಲ. ಲೇಬಲ್ ಅಂಟಿಸುವುದು ಒಣಗಿರುವಾಗ, ಒಳಗೆ ಇಡುವ ಮೊದಲು. ಪೊಟ್ಟಣದ ಮಡಿಕೆ, ಹೊಲಿಗೆ, ಬಾಗಿದ ಮೂಲೆಗಳ ಮೇಲೆ ಅಂಟಿಸಬೇಡಿ. ಪ್ರತಿ ಸುರುಳಿಯ ಮೊದಲ, ನಡುವಿನ, ಕೊನೆಯ ಲೇಬಲನ್ನು ಇರುವುದರಲ್ಲೇ ಹಳೆಯ ಫೋನಿನಿಂದ ಸ್ಕ್ಯಾನ್ ಮಾಡಿ ನೋಡಿ.

## ಹಂತ 9: ರವಾನೆ ಮತ್ತು ಸ್ವೀಕಾರ

ಕ್ರೇಟುಗಳನ್ನು ಒಂದು ಅಟ್ಟಿಗೆ ಜೋಡಿಸಿದಾಗ ಆ ಅಟ್ಟಿಗೇ ಒಂದು ಸಂಖ್ಯೆ ಕೊಟ್ಟು, ಯಾವ ಲಾಟಿನ ಎಷ್ಟು ಕ್ರೇಟು ಅದರಲ್ಲಿವೆ ಎಂದು ಬರೆದರೆ ಆಮೇಲೆ ಒಂದೇ ಸ್ಕ್ಯಾನ್ ಸಾಕು. ಜಿಎಸ್1 ಕ್ರಮದಲ್ಲಿ ಇದಕ್ಕೆ 18 ಅಂಕಿಯ ಎಸ್‌ಎಸ್‌ಸಿಸಿ ಎಂಬ ಸಂಖ್ಯೆ ಇದೆ. ಅಟ್ಟಿಯಿಂದ ಎರಡು ಕ್ರೇಟು ತೆಗೆದು ಬೇರೆಯವರಿಗೆ ಕೊಟ್ಟರೆ, ತೆಗೆದದ್ದನ್ನೂ ದಾಖಲಿಸಬೇಕು. ಇದನ್ನು ಮರೆಯುವುದರಿಂದಲೇ ಕಾಗದದಲ್ಲಿ ಒಬ್ಬರ ಬಳಿ ಇರುವ ಸರಕು ನಿಜದಲ್ಲಿ ಇನ್ನೊಬ್ಬರ ಬಳಿ ಇರುತ್ತದೆ.

ಒಂದು ಕ್ರೇಟನ್ನು ಸ್ಕ್ಯಾನ್ ಮಾಡಿ ಎಣಿಕೆಯ ಖಾನೆಯಲ್ಲಿ 40 ಎಂದು ಹೊಡೆಯುವುದು ಕೆಲಸದವರ ನೆಚ್ಚಿನ ಅಡ್ಡದಾರಿ. ಆ ನಲವತ್ತರಲ್ಲಿ ಆರು ಬೇರೆ ಲಾಟಿನವಾಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಪಡೆದುಕೊಳ್ಳುವವರು ತಾವೇ ಸ್ಕ್ಯಾನ್ ಮಾಡಬೇಕು, ಕಳಿಸಿದವರ ಪಟ್ಟಿಗೆ ಸಹಿ ಹಾಕಿ ಕೊಡುವುದಲ್ಲ.

ಮತ್ತೆ ಮತ್ತೆ ಬಳಸುವ ಪ್ಲಾಸ್ಟಿಕ್ ಕ್ರೇಟಿಗೆ ಅದರದ್ದೇ ಶಾಶ್ವತ ಸಂಖ್ಯೆ ಇರಬಹುದು. ಅದು ಕ್ರೇಟಿನ ಹೆಸರು, ಲಾಟ್ ಅಲ್ಲ. ತೊಳೆಯುವ ಜಾಗದಲ್ಲೇ ಹಳೆಯ ಲಾಟ್ ಚೀಟಿ ಕಿತ್ತು ಹಾಕುವ ಕೆಲಸವನ್ನು ಒಬ್ಬರಿಗೆ ವಹಿಸಿ. ಒಂದೇ ಕ್ರೇಟಿನ ಮೇಲೆ ಎರಡು ಚೀಟಿ ಇದ್ದರೆ ಫೋನಿನ ಕ್ಯಾಮೆರಾ ಯಾವುದನ್ನು ಓದುತ್ತದೆ ಎಂದು ಹೇಳಲಾಗದು.

## ಹಂತ 10: ಗ್ರಾಹಕರು ನೋಡುವ ಪುಟ

ಪುಟದ ಮೇಲ್ಭಾಗದಲ್ಲಿ ಲಾಟ್ ಸಂಖ್ಯೆ, ಬೆಳೆದ ಪ್ರದೇಶ, ಕೊಯ್ಲಿನ ದಿನ, ಪ್ಯಾಕ್ ಮಾಡಿದ ದಿನ, ದೂರು ಹೇಳಲು ಒಂದು ಸಂಪರ್ಕ. ಸರಕು ವಾಪಸ್ ಕರೆದಿದ್ದರೆ ಆ ಸೂಚನೆ ಇವೆಲ್ಲದರ ಮೇಲೆ, ಕೆಂಪು ಅಕ್ಷರದಲ್ಲಿ. ಚಿತ್ರ, ವಿಡಿಯೊ ಬೇಕೆನ್ನಿಸಿದರೆ ಕೆಳಗೆ ಇರಲಿ. ಕೊಳ್ಳುವವರು ನಿಂತುಕೊಂಡು, ದುರ್ಬಲ ನೆಟ್‌ವರ್ಕಿನಲ್ಲಿ ನೋಡುತ್ತಿರುತ್ತಾರೆ, ಪುಟ ಹಗುರವಾಗಿರಬೇಕು.

ಕೆಲಸದವರ ಹೆಸರು, ಫೋನ್ ಸಂಖ್ಯೆ, ಮನೆಯ ನಿಖರ ಜಾಗ, ಖರೀದಿದಾರರ ಪಟ್ಟಿ, ತೂಕದ ಲೆಕ್ಕ ಸಾರ್ವಜನಿಕ ಪುಟಕ್ಕೆ ಬರಬಾರದು. ಅವು ಒಳಗಿನ ದಾಖಲೆಯಲ್ಲಿರಲಿ.

ಕ್ಯೂಆರ್ ಕೋಡ್ ನಕಲಿಯನ್ನು ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಯಾರು ಬೇಕಾದರೂ ಅದರ ಫೋಟೊ ತೆಗೆದು ಮುದ್ರಿಸಬಹುದು. ಪೊಟ್ಟಣಕ್ಕೊಂದು ಬೇರೆ ಸಂಖ್ಯೆ ಕೊಟ್ಟು, ಒಂದೇ ಸಂಖ್ಯೆ ದೂರದೂರದ ಊರುಗಳಲ್ಲಿ ಸ್ಕ್ಯಾನ್ ಆಗುತ್ತಿದೆಯೇ ಎಂದು ಗಮನಿಸಿದರೆ ನಕಲಿಯ ಸುಳಿವಾದರೂ ಸಿಗುತ್ತದೆ. ಒಂದೇ ದಾಖಲೆಯ ಪ್ರತಿಗಳನ್ನು ಹಲವು ಕಂಪ್ಯೂಟರುಗಳಲ್ಲಿ ಇಡುವ ಬ್ಲಾಕ್‌ಚೈನ್ ಬಗ್ಗೆಯೂ ತುಂಬಾ ಕೇಳುತ್ತಾರೆ. ಬರೆದದ್ದನ್ನು ಆಮೇಲೆ ಗುಟ್ಟಾಗಿ ತಿದ್ದದಂತೆ ಅದು ಕಾಯುತ್ತದೆ. ಹೊಲದಲ್ಲಿ ತಪ್ಪು ತಾಕಿನ ಸಂಖ್ಯೆ ಬರೆದಿದ್ದರೆ ಆ ತಪ್ಪನ್ನೂ ಅಷ್ಟೇ ಭದ್ರವಾಗಿ ಕಾಯುತ್ತದೆ.

## ಹಂತ 11: ಅಣಕು ಪತ್ತೆ ಮಾಡಿ ನೋಡಿ

ಮೊದಲ ತಿಂಗಳಲ್ಲೇ ಎರಡು ದಿಕ್ಕಿನಲ್ಲೂ ಪರೀಕ್ಷಿಸಿ. ಮಾರಾಟವಾದ ಒಂದು ಪೊಟ್ಟಣ ತಂದು ಹಿಂದಕ್ಕೆ ಹೋಗಿ: ಲಾಟ್, ಒಳಗೆ ಸೇರಿದ ಲಾಟ್‌ಗಳು, ತಾಕು, ಕೊನೆಯ ಸಿಂಪಡಣೆ, ಬಿಡಿಸಿದ ತಂಡ. ಆಮೇಲೆ ಒಂದು ತಾಕು, ಒಂದು ದಿನ ಆರಿಸಿಕೊಂಡು ಮುಂದಕ್ಕೆ ಹೋಗಿ: ಎಷ್ಟು ಕಿಲೋ, ಯಾರ್ಯಾರಿಗೆ, ಯಾವತ್ತು, ಈಗ ಎಷ್ಟು ಉಳಿದಿದೆ. ಗಡಿಯಾರ ಹಿಡಿದು ಮಾಡಿ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಜಾಡು ನಿಯಮ ತನ್ನ ಪಟ್ಟಿಯಲ್ಲಿರುವ ಆಹಾರಗಳ ದಾಖಲೆಯನ್ನು ಕೇಳಿದ 24 ಗಂಟೆಯೊಳಗೆ ಕೊಡಬೇಕೆನ್ನುತ್ತದೆ. ನಿಮ್ಮದು ಸಣ್ಣ ವ್ಯವಸ್ಥೆಯಾಗಿದ್ದರೆ ಎರಡು ಗಂಟೆಯ ಗುರಿ ಇಟ್ಟುಕೊಳ್ಳಿ.

ಈ ಪರೀಕ್ಷೆಯನ್ನು ದಾಖಲೆ ಬರೆಯುವವರ ಕೈಯಲ್ಲಿ ಮಾಡಿಸಬೇಡಿ. ಅವರು ನೆನಪಿನಿಂದ ತೂತು ಮುಚ್ಚುತ್ತಾರೆ. ದಾಖಲೆ ಮುಟ್ಟದ ಒಬ್ಬರನ್ನು ಕೂರಿಸಿ, ಅವರು ಯಾರನ್ನೂ ಕೇಳದೆ ಉತ್ತರ ತೆಗೆಯಲಿ. ಅವರು ಎಲ್ಲಿ ತಲೆಯೆತ್ತಿ "ಇದು ಯಾವುದು?" ಎಂದು ಕೇಳುತ್ತಾರೋ ಆ ಜಾಗವನ್ನು ಬರೆದಿಟ್ಟುಕೊಳ್ಳಿ. ಮುಂದಿನ ವಾರದ ದುರಸ್ತಿ ಕೆಲಸ ಅದೇ.

ನಿಜವಾಗಿಯೂ ಒಂದು ಲಾಟ್ ಕೆಟ್ಟಿದೆ ಎಂದು ತಿಳಿದ ದಿನ ಮಾಡಬೇಕಾದ ಕೆಲಸದ ಕ್ರಮವನ್ನು ಶೆಡ್ಡಿನ ಗೋಡೆಗೆ ಅಂಟಿಸಿಡಿ. ಮೊದಲು ನಿಮ್ಮ ಬಳಿ ಉಳಿದಿರುವ ಆ ಲಾಟಿನ ಸರಕನ್ನು ಬೇರೆ ಮಾಡಿ, ಹಗ್ಗ ಕಟ್ಟಿ, ಯಾರೂ ಗಾಡಿಗೆ ಏರಿಸದಂತೆ ಫಲಕ ಹಾಕಿ. ನಂತರ ಪಟ್ಟಿಯಲ್ಲಿರುವ ಪ್ರತಿ ಖರೀದಿದಾರರಿಗೂ ಫೋನ್ ಮಾಡಿ. ಸಂದೇಶ ಕಳಿಸಿ ಸುಮ್ಮನಾಗಬೇಡಿ. ಲಾಟ್ ಸಂಖ್ಯೆಯನ್ನು ಅವರಿಂದಲೇ ತಿರುಗಿ ಓದಿಸಿಕೊಳ್ಳಿ. ಆ ಲಾಟಿನ ಪುಟದಲ್ಲಿ ಕೆಂಪು ಸೂಚನೆ ಹಾಕಿ. ಅದೇ ತಾಕಿನ ಹಿಂದಿನ ಮತ್ತು ಮುಂದಿನ ದಿನದ ಲಾಟ್‌ಗಳನ್ನು ಪರೀಕ್ಷೆ ಮುಗಿಯುವವರೆಗೆ ತಡೆಹಿಡಿಯಿರಿ. ವಾಪಸ್ ಬಂದ ಪ್ರತಿ ಕ್ರೇಟನ್ನೂ ಸ್ಕ್ಯಾನ್ ಮಾಡಿ ತೂಗಿ, ಕಳಿಸಿದ ತೂಕದ ಜೊತೆ ತಾಳೆ ನೋಡುತ್ತಾ ಬನ್ನಿ. ಮಾರಾಟವಾಗಿ ಹೋದದ್ದು ಎಷ್ಟು ಎಂಬ ಅಂಕಿ ಸಿಕ್ಕ ಮೇಲೆ, ಆ ಅಂಕಿಯನ್ನೂ ಪುಟದಲ್ಲಿ ಹಾಕಿ.